ಪಟ್ಟಿಯಲ್ಲಿಲ್ಲದ ಹಾಡು

ಆ ಗಾಯಕನ ಜೀವನಚರಿತ್ರೆಯನ್ನು ನಾನು ಮೂರು ಸಲ ಬರೆದೆ. ಮೊದಲನೆಯದು ನಾಲ್ಕು ಪುಟ, ಎರಡನೆಯದು ಒಂದೂವರೆ, ಕೊನೆಯದು ಹನ್ನೊಂದು ಸಾಲು. ಆ ಹನ್ನೊಂದು ಸಾಲಿನ ಪ್ರಕಾರ ಅವನು ಜಮೈಕಾದ ಒಂದು ಬಡ ಕೇರಿಯಲ್ಲಿ ಹುಟ್ಟಿದ, ತಾಯಿಯ ಜೊತೆ ಚರ್ಚಿಗೆ ಹೋಗಿ ಹಾಡು ಕಲಿತ, ಹದಿನೈದನೇ ವಯಸ್ಸಿಗೆ ಮೊದಲ ರೆಕಾರ್ಡು ತಂದ, ರೆಗೇ ಸಂಗೀತವನ್ನು ದೇಶದೇಶಗಳಿಗೆ ಒಯ್ದ, ಶಾಂತಿಪ್ರಿಯ. ಉಳಿದ ಪುಟಗಳಲ್ಲಿದ್ದ ಗಾಂಜಾ ಕೇಸು, ಜೈಲು, ಯುರೋಪಿನಲ್ಲಿ ಜನ ಬೀದಿಗಿಳಿದು ನಿಲ್ಲಿಸಿದ ಕಾರ್ಯಕ್ರಮಗಳು, ಪತ್ರಿಕೆಯವರ ಮುಂದೆ ಕ್ಷಮೆ ಕೇಳಿ ವಾರದೊಳಗೆ ಅದೇ ಹಾಡನ್ನು ಮತ್ತೆ ಹಾಡಿದ್ದು, ಇದೆಲ್ಲವನ್ನೂ ಹರಿದು ಕಸದ ಬುಟ್ಟಿಗೆ ಹಾಕಿದ್ದು ನಾನೇ. ಅದು ನನ್ನ ಕೆಲಸವಾಗಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ದುಬೈಯಲ್ಲಿ ಸಂಗೀತ ಕಾರ್ಯಕ್ರಮ ನಡೆಸುವ ಒಂದು ಸಣ್ಣ ಕಂಪನಿಯಲ್ಲಿ ಪರ್ಮಿಟ್ ಮಾಡಿಸುವವನು ನಾನು. ಹೊರದೇಶದಿಂದ ಯಾವ ಕಲಾವಿದ ಬರುವುದಿದ್ದರೂ ಅವನಿಗಿಂತ ಮೊದಲು ಅವನ ಫೈಲು ಸರ್ಕಾರಿ ಕಚೇರಿಗೆ ಹೋಗಬೇಕು. ಪಾಸ್‌ಪೋರ್ಟ್ ಪ್ರತಿ, ಫೋಟೋ, ಜೀವನಚರಿತ್ರೆ, ಹಾಡುಗಳ ಪಟ್ಟಿ, ಒಂದೊಂದು ಹಾಡಿನ ಪೂರ್ತಿ ಸಾಹಿತ್ಯ, ಅದರ ಅರಬ್ಬಿ ಅನುವಾದ. ಎಲ್ಲದರ ಮೇಲೆ ಒಂದು ಮುಚ್ಚಳಿಕೆ. ಪಟ್ಟಿಯಲ್ಲಿ ಇಲ್ಲದ ಹಾಡನ್ನು ಹಾಡಿದರೆ ಕೂಡಲೇ ನಿಲ್ಲಿಸುವ ಜವಾಬ್ದಾರಿ ಇಂಥವನದು ಎಂದು ಅದರಲ್ಲಿ ಒಬ್ಬನ ಹೆಸರು ಬರೆಯಬೇಕು. ಆ ಹೆಸರು ಯಾವಾಗಲೂ ನನ್ನದೇ. ಅಲ್ಲಿಯವರೆಗೆ ಗಜಲ್ ಹಾಡುವವರು, ಸಿನಿಮಾ ಹಾಡಿನವರು, ಹಾಸ್ಯ ಹೇಳುವವರು ಬಂದು ಹೋಗಿದ್ದರು. ಮುಚ್ಚಳಿಕೆಗೆ ಸಹಿ ಹಾಕುವುದು ನನಗೆ ಹಾಲಿನವನ ಚೀಟಿಗೆ ಸಹಿ ಹಾಕಿದಷ್ಟೇ ಸಲೀಸಾಗಿತ್ತು.

ಈ ಸಲ ತೊಡಕಾಯಿತು. ಸಿ.ಡಿ.ಗಳು ಬಂದವು, ಸಾಹಿತ್ಯ ಬರಲಿಲ್ಲ. ಗಾಯಕನ ಏಜೆಂಟನಿಗೆ ಫ್ಯಾಕ್ಸ್ ಮಾಡಿ ಕೇಳಿದರೆ, ಅವನು ಯಾವತ್ತೂ ಬರೆದಿಟ್ಟುಕೊಂಡು ಹಾಡಿದವನೇ ಅಲ್ಲ ಎಂಬ ಉತ್ತರ. ನಾನೇ ಬರೆದುಕೊಳ್ಳೋಣವೆಂದು ಹೆಡ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತೆ. ಮೈಸೂರಿನಲ್ಲಿ ಬಿ.ಕಾಂ. ಮಾಡಿ ಕಲಿತ ನನ್ನ ಇಂಗ್ಲಿಷಿಗೆ ಜಮೈಕಾ ದ್ವೀಪದ ಇಂಗ್ಲಿಷು ಒಂದು ಸಾಲೂ ದಕ್ಕಲಿಲ್ಲ. ಆಗ ಸ್ಟೋರ್ ಅಣ್ಣನ ನೆನಪಾಯಿತು.

ಸ್ಟೋರ್ ಅಣ್ಣ ನಮ್ಮ ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದವರು. ಮೈಕು, ಸ್ಟ್ಯಾಂಡು, ರಾಶಿ ರಾಶಿ ಕೇಬಲ್ಲು ಅವರ ಸುಪರ್ದಿ. ಕಾಪು ಕಡೆಯವರು, ಮನೆಮಾತು ತುಳು. ನಮ್ಮಲ್ಲಿ ಕನ್ನಡ ಬಲ್ಲವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ನಾನು ದುಬೈಗೆ ಬಂದಿಳಿದಾಗ ಕರಾಮ ಬಡಾವಣೆಯ ತಮ್ಮ ರೂಮಿನಲ್ಲಿ ಒಂದು ಮಂಚ ಕೊಟ್ಟವರು ಅವರು. ಈ ಕಂಪನಿಯ ಮ್ಯಾನೇಜರನ ಹತ್ತಿರ ನನ್ನನ್ನು ಕರೆದುಕೊಂಡು ಹೋದವರೂ ಅವರೇ. ಅದಕ್ಕೂ ಹಿಂದೆ ಆರು ವರ್ಷ ಕೆರಿಬಿಯನ್ ಸಮುದ್ರದ ಪ್ರವಾಸಿ ಹಡಗಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದರು. ಜೊತೆಯ ಕೆಲಸಗಾರರಲ್ಲಿ ಅರ್ಧ ಜನ ಆ ದ್ವೀಪದವರೇ ಆಗಿದ್ದರಿಂದ ಅವರ ಮಾತು ಇವರಿಗೆ ನೀರು ಕುಡಿದಷ್ಟು ಸುಲಭ.

ಶುಕ್ರವಾರ ರಜೆ. ಬೆಳಿಗ್ಗೆ ಕೆಳಗಿನ ಹೋಟೆಲಿನಿಂದ ಇಡ್ಲಿ ತಂದು ತಿಂದು ಇಬ್ಬರೂ ಕೂತೆವು. ಅವರು ಕೇಳುವುದು, ನಿಲ್ಲಿಸುವುದು, ಬರೆಯುವುದು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಏಳು ಹಾಡು ನಗುನಗುತ್ತಲೇ ಮುಗಿದವು. ಗಾಂಜಾ ಬಂದ ಕಡೆ ಪಕ್ಕದಲ್ಲಿ ಗುರುತು ಹಾಕಿದರು, ಆ ಎರಡು ಹಾಡುಗಳನ್ನು ನಾನು ಬಿಟ್ಟೆ. ಎಂಟನೆಯದು ಆ ಗಾಯಕನಿಗೆ ಹೆಸರು ತಂದ ಹಾಡು, ಯುರೋಪಿನಲ್ಲಿ ಗಲಾಟೆಯಾದದ್ದೂ ಅದಕ್ಕೇ. ಅದನ್ನು ಪೂರ್ತಿ ಕೇಳಿದರು, ಎರಡನೇ ಸಲ ಕೇಳಿದರು, ಮೂರನೇ ಸಲ ಬರೆಯತೊಡಗಿದರು. ಬರೆದು ಮುಗಿಸಿ ಹಾಳೆಯನ್ನು ನನ್ನ ಕಡೆ ತಳ್ಳಿದರು. ಗಂಡಸರನ್ನು ಪ್ರೀತಿಸುವ ಗಂಡಸರನ್ನು ಹುಡುಕಿ ಹೇಗೆ ಕೊಲ್ಲಬೇಕು, ಮೊದಲು ಏನು ಮಾಡಬೇಕು, ಆಮೇಲೆ ಏನು ಸುರಿದು ಬೆಂಕಿ ಹಚ್ಚಬೇಕು ಎಂಬುದೇ ಹಾಡು. ಕೆಳಗೆ ಎಲ್ಲರೂ ಸೇರಿ ಹೇಳುವ ಪಲ್ಲವಿ.

“ಇದು ಯಾರನ್ನು ಕೊಲ್ಲಲಿಕ್ಕೆ ಹೇಳುದು ಗೊತ್ತಾಯ್ತಾ? ನನ್ನಂಥವರನ್ನು” ಎಂದರು.

ನನಗೆ ತಿಳಿದಿರಲಿಲ್ಲವೇ? ಐದು ವರ್ಷ ಒಂದೇ ರೂಮಿನಲ್ಲಿ ಇದ್ದವನಿಗೆ ತಿಳಿದೇ ಇತ್ತು. ನಲವತ್ತಾದರೂ ಮದುವೆಯಾಗದ್ದು, ಅಕ್ಕಂದಿರು ಹುಡುಗಿಯ ಫೋಟೋ ಕಳಿಸಿದಾಗಲೆಲ್ಲ ಊರಿನ ರಜೆಯನ್ನು ಮುಂದಕ್ಕೆ ಹಾಕಿದ್ದು, ಹಡಗಿನ ದಿನಗಳ ಒಬ್ಬನ ಕಾಗದ ಬಂದಾಗ ಮಾತ್ರ ಮುಖ ಅರಳುತ್ತಿದ್ದದ್ದು. ತಿಳಿದಿದ್ದರೂ ತಿಳಿಯದವನಂತೆ ಇರುವುದನ್ನು ನಾನು ಸಭ್ಯತೆ ಅಂದುಕೊಂಡಿದ್ದೆ. ಈಗ ಅವರೇ ಬಾಯಿ ಬಿಟ್ಟು ಹೇಳಿದಾಗ ನನಗೆ ತೋಚಿದ್ದು ಒಂದೇ. ಆ ಹಾಡು ಪಟ್ಟಿಯಲ್ಲಿ ಇರುವುದಿಲ್ಲ ಅಣ್ಣ, ನಾನು ಹೊಣೆ ಅಂದೆ.

ಅಷ್ಟಕ್ಕೆ ಅವರಿಗೆ ಸಮಾಧಾನವಾಗಲಿಲ್ಲ. ಹಾಡಿನ ಹೆಸರು ಹೊಡೆದುಹಾಕಿದರೆ ಸಾಲದು, ಆರನೇ ಹಾಡನ್ನೂ ತೆಗೆಯಬೇಕು ಎಂದರು. ಆರನೆಯದು ತಾಯಿಯ ಮೇಲಿನ ಹಾಡು, ಅದರಲ್ಲಿ ತೆಗೆಯುವಂಥದ್ದು ಏನೂ ಇರಲಿಲ್ಲ. ಆಗ ಅವರು ಬಿಡಿಸಿ ಹೇಳಿದರು. ಆ ಸಂಗೀತದಲ್ಲಿ ತಾಳ, ಬಾಸು, ಕೀಬೋರ್ಡು ಸೇರಿದ ಒಂದು ಹಿಮ್ಮೇಳವನ್ನು ರೆಕಾರ್ಡು ಮಾಡಿ ಇಟ್ಟಿರುತ್ತಾರೆ. ಅದರ ಮೇಲೆ ಹತ್ತಾರು ಹಾಡು ಹುಟ್ಟುತ್ತವೆ. ವೇದಿಕೆಯಲ್ಲಿ ಒಂದು ಹಾಡು ಹಾಡುತ್ತ ಹಾಡುತ್ತ ಅದೇ ಹಿಮ್ಮೇಳದ ಇನ್ನೊಂದು ಹಾಡಿಗೆ ಜಾರುವುದು ಅವರ ಪದ್ಧತಿ. ತಾಯಿಯ ಹಾಡಿಗೂ ಕೊಲ್ಲುವ ಹಾಡಿಗೂ ಹಿಮ್ಮೇಳ ಒಂದೇ.

“ನಮ್ಮ ಯಕ್ಷಗಾನದ ಭಾಗವತರು ಒಂದೇ ತಾಳಕ್ಕೆ ಎಷ್ಟು ಪದ್ಯ ಹೇಳುದಿಲ್ಲ ಮಾರಾಯ? ಇವನೂ ತಾಯಿ ಅಂತ ಶುರು ಮಾಡ್ತಾನೆ, ನಡುವಿಂದ ಅದಕ್ಕೇ ಬರ್ತಾನೆ. ನಿನ್ನ ಪರ್ಮಿಟ್ ಆಫೀಸಿನವರು ಪಟ್ಟಿ ಹಿಡ್ಕೊಂಡು ತಾಯಿಯ ಹಾಡೇ ಅಂತ ಕೂತಿರ್ತಾರೆ.”

ತಾಯಿಯ ಹಾಡನ್ನು ತೆಗೆಯಬೇಕೆಂದು ಮರುದಿನ ಮ್ಯಾನೇಜರನಿಗೆ ಹೇಳಿದೆ. ಅವನು ಏಜೆಂಟನಿಗೆ ಫೋನು ಮಾಡಿದ. ತಾಯಿಯ ಹಾಡಿಲ್ಲದೆ ಅವನು ವೇದಿಕೆ ಹತ್ತುವುದೇ ಇಲ್ಲ ಎಂದು ಆ ಕಡೆಯಿಂದ ಉತ್ತರ ಬಂತು. ಹಾಡಿನ ಸಾಹಿತ್ಯದಲ್ಲಿ ತಪ್ಪಿಲ್ಲವೆಂದ ಮೇಲೆ ನಿನ್ನದೇನು ತಕರಾರು ಎಂದು ಮ್ಯಾನೇಜರ್ ಕೇಳಿದ. ನನ್ನ ಹತ್ತಿರ ಉತ್ತರವಿತ್ತು, ಕೊಡಲಿಲ್ಲ. ಹೆಂಡತಿ ಮತ್ತು ನಾಲ್ಕು ವರ್ಷದ ಮಗಳನ್ನು ಕರೆಸಿಕೊಳ್ಳಲು ಫ್ಯಾಮಿಲಿ ವೀಸಾಕ್ಕೆ ಅರ್ಜಿ ಹಾಕುವ ತಯಾರಿಯಲ್ಲಿದ್ದೆ. ಅದಕ್ಕೆ ಬೇಕಾದ ಸಂಬಳದ ಸರ್ಟಿಫಿಕೇಟ್ ಮ್ಯಾನೇಜರನ ಮೇಜಿನ ಮೇಲೆ ಸಹಿಗಾಗಿ ಎರಡು ವಾರದಿಂದ ಕಾಯುತ್ತಿತ್ತು. ಮಗಳು ಹುಟ್ಟಿದ ಮೇಲೆ ಅವಳನ್ನು ನಾನು ನೋಡಿದ್ದು ಎರಡೇ ರಜೆಯಲ್ಲಿ. ತಾಯಿಯ ಹಾಡು ಪಟ್ಟಿಯಲ್ಲಿ ಉಳಿಯಿತು. ಕೊಲ್ಲುವ ಹಾಡಿನ ಹಾಳೆಯನ್ನು ಫೈಲಿಗೆ ಸೇರಿಸದೆ ನನ್ನ ಮೇಜಿನ ಕೆಳಗಿನ ಡ್ರಾಯರಿಗೆ ಹಾಕಿದೆ. ಟೈಪಿಂಗ್ ಸೆಂಟರಿನಲ್ಲಿ ಅರಬ್ಬಿಗೆ ಹಾಕಿಸಿ ಕೊಟ್ಟ ಫೈಲು ನಾಲ್ಕೇ ದಿನದಲ್ಲಿ ಪಾಸಾಯಿತು. ಕೌಂಟರಿನ ಅಧಿಕಾರಿ ತಾಯಿಯ ಹಾಡು ಓದಿ ಮೆಚ್ಚಿ ಮಾಶಾಲ್ಲಾ ಎಂದ.

ಅಣ್ಣನನ್ನು ನಾನು ಬೇರೆ ಏರ್ಪಾಡಿಗೆ ಒಪ್ಪಿಸಿದೆ. ಅವರು ವೇದಿಕೆಯ ಬದಿಯಲ್ಲಿ, ಮೈಕುಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆಯ ಪಕ್ಕ ಇರುತ್ತಾರೆ. ಆ ಸಾಲುಗಳು ಶುರುವಾದದ್ದು ಅವರೊಬ್ಬರಿಗೇ ಗೊತ್ತಾಗುವುದು. ಗೊತ್ತಾದ ಕೂಡಲೇ ಟವೆಲ್ ಎತ್ತುತ್ತಾರೆ. ವೇದಿಕೆಯ ಕೆಳಗೆ ನಿಂತ ನಾನು ಅದನ್ನು ನೋಡಿ ಕೈ ಎತ್ತುತ್ತೇನೆ. ಎದುರಿನ ಸೌಂಡ್ ಎಂಜಿನಿಯರ್ ನನ್ನ ಕೈ ನೋಡಿ ಹಾಡುಗಾರನ ಮೈಕನ್ನು ಬಂದ್ ಮಾಡುತ್ತಾನೆ. ನಿಲ್ಲಿಸುವ ಅಧಿಕಾರ ಮುಚ್ಚಳಿಕೆಯಲ್ಲಿ ಹೆಸರಿದ್ದ ನನ್ನದು, ಆದ್ದರಿಂದ ಕೈ ಎತ್ತಬೇಕಾದವನೂ ನಾನೇ. ಅಣ್ಣ ಇದನ್ನು ಎರಡು ಸಲ ಹೇಳಿಸಿಕೊಂಡರು.

ಗಾಯಕ ಬಂದ. ನಾನು ಎಂಥ ರಾಕ್ಷಸನೋ ಎಂದುಕೊಂಡಿದ್ದೆ. ಬಂದವನು ಮೃದುವಾಗಿ ಮಾತಾಡುವ, ಮಾಂಸ ಮುಟ್ಟದ, ಉಪ್ಪು ಕೂಡ ಬೇಡವೆನ್ನುವ, ಶುಂಠಿ ಕಷಾಯ ಕುಡಿಯುವ ಮನುಷ್ಯ. ಹೋಟೆಲಿನ ಊಟ ಸೇರದೆ ಇದ್ದಾಗ ಕರಾಮದಿಂದ ಉಪ್ಪಿಲ್ಲದ ಇಡ್ಲಿ ಮಾಡಿಸಿ ಒಯ್ದುಕೊಟ್ಟದ್ದು ನಾನು. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ತಿಂದ. ಪಟ್ಟಿಯನ್ನು ಮುಂದಿಟ್ಟು ಇದರ ಹೊರಗೆ ಹಾಡಬಾರದು ಎಂದು ವಿವರಿಸಿದೆ. ಜನ ಕೇಳಿದ್ದನ್ನು ಹಾಡುತ್ತೇನೆ ತಮ್ಮಾ, ನಾನು ಜನರ ಆಳು ಎಂದು ನಕ್ಕ. ಸೌಂಡ್ ಚೆಕ್‌ನಲ್ಲಿ ಅಣ್ಣ ಜಮೈಕಾದ ಮಾತಾಡುವುದು ಕೇಳಿ ಗಾಯಕ ಹಿಗ್ಗಿ ಹೋದ. ಬರಸೆಳೆದು ಅಪ್ಪಿಕೊಂಡ, ಹಡಗಿನ ಕತೆ ಕೇಳಿದ, ತನ್ನ ಕೊರಳಿನ ಮಣಿಸರವನ್ನೇ ತೆಗೆದು ಅವರ ಕೊರಳಿಗೆ ಹಾಕಿದ.

ಅಣ್ಣ ಸರವನ್ನು ತೆಗೆದು ಮಡಚಿ ಟೂಲ್ ಬಾಕ್ಸಿನಲ್ಲಿ ಇಟ್ಟರು. “ಒಳ್ಳೆ ಮನುಷ್ಯ ಮಾರಾಯ. ಅದೇ ಬೇಜಾರು” ಎಂದರು.

ಕಾರ್ಯಕ್ರಮ ಒಂದು ಕ್ಲಬ್ಬಿನ ಬಯಲಿನಲ್ಲಿ. ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲೆ ಶುರುವಾಯಿತು. ಬಯಲು ತುಂಬಿತ್ತು. ಮುಂದಿನ ಸಾಲಿನಲ್ಲಿ ಪರ್ಮಿಟ್ ಕಚೇರಿಯ ಅಧಿಕಾರಿ ಪಟ್ಟಿ ಹಿಡಿದು ಕೂತಿದ್ದ, ಪ್ರತಿ ಹಾಡಿಗೂ ಪೆನ್ನಿನಿಂದ ಗುರುತು ಹಾಕುತ್ತಿದ್ದ. ಮೊದಲ ಮೂರು ಹಾಡು ಹೇಳಿದ ಹಾಗೆಯೇ ನಡೆದವು. ತಾಯಿಯ ಹಾಡಿಗೆ ಜನ ಕೈ ಬೀಸತೊಡಗಿದರು. ಮೊದಲ ಚರಣ ಮುಗಿಯಿತು. ಹಿಂದಿನಿಂದ ಒಂದು ಗುಂಪು ಏನನ್ನೋ ಕೂಗಿ ಕೇಳಿತು. ಗಾಯಕ ನಕ್ಕು ಒಂದು ಹೆಜ್ಜೆ ಮುಂದೆ ಬಂದ. ಹಿಮ್ಮೇಳ ಬದಲಾಗಲಿಲ್ಲ, ಅಧಿಕಾರಿಯ ಪೆನ್ನು ಅಲ್ಲಾಡಲಿಲ್ಲ. ಅಣ್ಣನ ಟವೆಲ್ ಮೇಲೆ ಹೋಯಿತು.

ನಾನು ನೋಡಿದೆ. ನೋಡಲಿಲ್ಲ ಎಂದು ಆಮೇಲೆ ಬೇಕಾದಷ್ಟು ಜನರಿಗೆ ಹೇಳಿದ್ದೇನೆ. ಕೈ ಎತ್ತಲು ಹೊರಟಾಗ ಪಕ್ಕದಲ್ಲಿದ್ದ ಮ್ಯಾನೇಜರ್ ನನ್ನ ಮುಖ ನೋಡಿದ. ಅವನಿಗೆ ಸಂಗತಿ ಹೊಳೆದಿತ್ತು. ಬಿಡು, ಒಂದು ಹಾಡು ತಾನೇ, ಯಾರಿಗೆ ಅರ್ಥವಾಗುತ್ತದೆ, ನಿಲ್ಲಿಸಿದರೆ ಜನ ಕುರ್ಚಿ ಮುರಿಯುತ್ತಾರೆ ಎಂದ. ಗದರಿಸಲಿಲ್ಲ, ಹೆದರಿಸಲಿಲ್ಲ. ನಾನು ಎತ್ತಬೇಕಾದ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಅಣ್ಣ ಟವೆಲ್ಲನ್ನು ಹಿಡಿದೇ ನಿಂತಿದ್ದರು. ಪಲ್ಲವಿ ಬಂತು, ಸಾವಿರಾರು ಜನ ಒಟ್ಟಿಗೆ ಹೇಳಿದರು. ಅರ್ಥ ಗೊತ್ತಿದ್ದವರು ಹೇಳಿದರು, ಗೊತ್ತಿಲ್ಲದವರೂ ಹೇಳಿದರು. ಟವೆಲ್ ಕೆಳಗೆ ಬಂತು. ಅಣ್ಣ ಬಗ್ಗಿ ಪೆಟ್ಟಿಗೆಯಿಂದ ಒಂದು ಕೇಬಲ್ ಕಿತ್ತರು. ಹಾಡುಗಾರನ ಧ್ವನಿ ಮಾತ್ರ ಹೋಯಿತು, ಹಿಮ್ಮೇಳ ಹಾಗೇ ನಡೆಯುತ್ತಿತ್ತು. ಅವನು ಬಾಯಿ ಆಡಿಸುವುದು ಕಾಣುತ್ತಿತ್ತು. ಮೈಕು ತಟ್ಟಿ ನೋಡಿದ, ಎಸೆದ, ಒಳಗೆ ಹೋದವನು ಮತ್ತೆ ಬರಲಿಲ್ಲ. ನೀರಿನ ಬಾಟಲಿಗಳು ವೇದಿಕೆಯ ಮೇಲೆ ಬಿದ್ದವು. ಒಬ್ಬ ಸೆಕ್ಯುರಿಟಿಯವನ ಹಣೆ ಒಡೆಯಿತು.

ಕಾರ್ಯಕ್ರಮ ಅರ್ಧಕ್ಕೆ ನಿಂತದ್ದು ಯಾಕೆಂದು ಎರಡು ದಿನದೊಳಗೆ ಲಿಖಿತ ವಿವರಣೆ ಕೊಡಬೇಕು, ಅಲ್ಲಿಯವರೆಗೆ ಮುಂದಿನ ಗುರುವಾರದ ಅಬುಧಾಬಿ ಕಾರ್ಯಕ್ರಮಕ್ಕೆ ಒಪ್ಪಿಗೆ ಇಲ್ಲ ಎಂದು ಅಧಿಕಾರಿ ಹೇಳಿ ಹೋದ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೊಡಬಹುದಾದ ಉತ್ತರಗಳು ಎರಡು. ಒಂದು, ಗಾಯಕ ಪಟ್ಟಿಯಲ್ಲಿಲ್ಲದ ಹಾಡು ಹಾಡಿದ, ಆದ್ದರಿಂದ ಮುಚ್ಚಳಿಕೆಯ ಪ್ರಕಾರ ಮೈಕು ನಿಲ್ಲಿಸಿದೆವು. ಇದು ನಿಜ. ಆದರೆ ಹಾಗೆ ಬರೆದರೆ ಅದು ಪಟ್ಟಿಯಲ್ಲಿಲ್ಲದ ಹಾಡು ಎಂದು ನಿಮಗೆ ಹೇಗೆ ತಿಳಿಯಿತು ಎಂಬ ಪ್ರಶ್ನೆ ಬರುತ್ತಿತ್ತು, ಡ್ರಾಯರಿನ ಹಾಳೆ ಹೊರಗೆ ಬರುತ್ತಿತ್ತು, ಕೈ ಯಾಕೆ ಎತ್ತಲಿಲ್ಲ ಎಂದು ನನ್ನನ್ನೇ ಕೇಳುತ್ತಿದ್ದರು. ಎರಡನೆಯದು ಸಲೀಸು. ಸ್ಟೋರಿನ ಕೆಲಸಗಾರ ಯಾರ ಅಪ್ಪಣೆಯೂ ಇಲ್ಲದೆ ಅಜಾಗರೂಕತೆಯಿಂದ ಕೇಬಲ್ ಕಿತ್ತ.

ಮ್ಯಾನೇಜರ್ ಎರಡನೆಯದನ್ನು ಹೇಳಿ ಬರೆಸಿದ. ಹಾಡುಗಳೆಲ್ಲ ಪಟ್ಟಿಯ ಪ್ರಕಾರವೇ ಇದ್ದವು ಎಂದು ಒಂದು ಸಾಲು, ತಪ್ಪು ಮಾಡಿದವನನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಇನ್ನೊಂದು ಸಾಲು. ಕೆಳಗೆ ಜವಾಬ್ದಾರಿ ಹೊತ್ತವನ ಸಹಿ, ಎಂದರೆ ನನ್ನದು. ನಾನು ಟೈಪು ಮಾಡಿ ತಂದು ಎದುರಿಗೆ ನಿಂತೆ. ಅವನು ಪೆನ್ನನ್ನು ನನ್ನ ಕಡೆ ಚಾಚಿದ. ಸಹಿ ಹಾಕಿದೆ. ಅದೇ ಪೆನ್ನಿನಿಂದ ಅವನು ನನ್ನ ಸಂಬಳದ ಸರ್ಟಿಫಿಕೇಟಿಗೆ ಸಹಿ ಹಾಕಿ ಖಲಾಸ್ ಎಂದ. ಒಂದಕ್ಕೊಂದು ಸಂಬಂಧವಿದೆ ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಣ್ಣನ ತಲೆಯ ಮೇಲೆ ಗೂಬೆ ಕೂರಿಸುವುದು ನನಗೆ ಅಷ್ಟು ಸುಲಭವಾದದ್ದು ಯಾಕೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅವರು ಬಾಯಿ ಬಿಡಲಾರರು ಎಂಬುದು ನನಗೆ ಗೊತ್ತಿತ್ತು, ಅದಕ್ಕೇ. ವೀಸಾ ರದ್ದು ಮಾಡುವ ಕಾಗದ ಅರಬ್ಬಿಯಲ್ಲಿರುತ್ತದೆ. ಕೆಲಸಗಾರ ಸಹಿ ಹಾಕುವ ಮೊದಲು ಅವನ ಭಾಷೆಯಲ್ಲಿ ಅದನ್ನು ಹೇಳಬೇಕಾದವನು ಕಂಪನಿಯಲ್ಲಿ ನಾನೇ. ರೂಮಿನಲ್ಲಿ ಹೇಳಲಾಗದೆ ಅವರನ್ನು ಆಫೀಸಿಗೆ ಕರೆಸಿಕೊಂಡೆ, ನಾಚಿಕೆಗೇಡು. ಅಜಾಗರೂಕತೆ ಎಂಬಲ್ಲಿಗೆ ಬಂದಾಗ ತಲೆ ಎತ್ತದೆ ಓದಿದೆ. ನೀವು ಬೇಕಾದರೆ ಪರ್ಮಿಟ್ ಕಚೇರಿಗೆ ಹೋಗಿ ನಡೆದದ್ದನ್ನು ಹೇಳಬಹುದು ಅಣ್ಣ ಎಂದೂ ಸೇರಿಸಿದೆ, ದೊಡ್ಡ ಮನುಷ್ಯನಂತೆ.

“ಯಾಕೆ ಕಿತ್ತೆ ಅಂತ ಕೇಳ್ತಾರೆ. ನಿನಗೆ ಯಾಕೆ ಅಷ್ಟು ನೋವು ಅಂತ ಕೇಳ್ತಾರೆ. ನಾನು ಎಂತ ಹೇಳ್ಲಿ?” ಎಂದರು. ಆಮೇಲೆ ಸಹಿ ಹಾಕಿದರು. ಒಂದು ವರ್ಷ ಮರಳಿ ಬರದಂತೆ ಬ್ಯಾನ್ ಸೀಲು ಬಿತ್ತು.

ನನ್ನ ವಿವರಣೆ ಒಪ್ಪಿಗೆಯಾಯಿತು. ಗುರುವಾರ ಬೆಳಿಗ್ಗೆ ಅಬುಧಾಬಿಗೆ ಹೋದೆ. ಗಾಯಕನಿಗೆ ಬರಿಗಾಲಿನಲ್ಲಿ ನಿಂತು ಹಾಡುವ ಅಭ್ಯಾಸ. ಅಲ್ ಮೀನಾದ ಜಮಖಾನೆ ಅಂಗಡಿಗಳಲ್ಲಿ ಅಲೆದು ಅವನ ಕಾಲಿಗೆ ಮೆತ್ತಗಾಗುವಂಥದ್ದನ್ನು ಆರಿಸಿದೆ. ಸಂಜೆ ಹೋಟೆಲಿನ ತೋಟದಲ್ಲಿ ಅದರ ಮೇಲೆ ನಿಂತು ಅವನು ತಾಯಿಯ ಹಾಡು ಶುರು ಮಾಡಿದ. ಕೇಬಲ್ ಪೆಟ್ಟಿಗೆಯ ಹತ್ತಿರ ಹೊಸಬನಿದ್ದ, ಅವನಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಈಗ ನನಗೆ ಆ ಸಾಲುಗಳು ಬಾಯಿಪಾಠವಾಗಿದ್ದವು. ಜನ ಬಹಳ ಮೆಚ್ಚಿದರೆ ಹಾಡನ್ನು ನಡುವೆಯೇ ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಡುವುದು ಆ ಸಂಗೀತದ ಇನ್ನೊಂದು ಪದ್ಧತಿ. ಆ ಸಂಜೆ ಕೊಲ್ಲುವ ಹಾಡನ್ನು ಅವನು ಹಾಗೆ ಎರಡು ಸಲ ಹಾಡಿದ. ನನ್ನ ಎರಡೂ ಕೈ ಜೇಬಿನಲ್ಲಿದ್ದವು. ಮುಗಿದ ಮೇಲೆ ಯಾವ ಅಡಚಣೆಯೂ ಆಗಲಿಲ್ಲ ಎಂದು ಹೋಟೆಲಿನವರು ನನ್ನ ಕೈ ಕುಲುಕಿದರು. ಆ ಕೈ ನನಗೇ ಹೇಸಿಗೆಯಾಯಿತು. ಗಾಯಕ ಮರುದಿನ ಬೇರೊಂದು ದೇಶಕ್ಕೆ ಹಾರಿದ, ಅಲ್ಲಿಯೂ ಯಾರೋ ಹನ್ನೊಂದು ಸಾಲು ಬರೆದಿಟ್ಟಿರಬೇಕು.

ಶನಿವಾರ ಮಧ್ಯಾಹ್ನ ಅಣ್ಣನ ವಿಮಾನ. ಪಾಸ್‌ಪೋರ್ಟುಗಳು ಕಂಪನಿಯ ಬಳಿ ಇರುತ್ತಿದ್ದ ಕಾಲ ಅದು. ಕೆಲಸದಿಂದ ತೆಗೆದವರ ಪಾಸ್‌ಪೋರ್ಟನ್ನು ವಿಮಾನ ನಿಲ್ದಾಣದವರೆಗೆ ನಾನೇ ಒಯ್ದು, ಒಳಗೆ ಹೋಗುವ ಬಾಗಿಲಲ್ಲಿ ಅವರ ಕೈಗೆ ಕೊಡಬೇಕು. ದಾರಿಯಲ್ಲಿ ಅವರು, ಗೋಡೆಯ ಬದಿಯ ತಮ್ಮ ದೊಡ್ಡ ಮಂಚವನ್ನು ಮಾರುವುದು ಬೇಡ, ಹೆಂಡತಿ ಮಗು ಬಂದರೆ ಬೇಕಾಗುತ್ತದೆ ಎಂದರು. ಊರಿಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದೆ. ಅಕ್ಕಂದಿರು ಹುಡುಗಿ ನೋಡಿ ಇಟ್ಟಿದ್ದಾರಂತೆ, ಈ ಸಲ ಹೇಳಲು ನೆಪ ಇಲ್ಲ ಎಂದರು. ನಾನು ಗಾಡಿಯನ್ನು ವಿಮಾನ ನಿಲ್ದಾಣದ ಕಡೆ ತಿರುಗಿಸಿದೆ.

ಬಾಗಿಲ ಬಳಿ ಪಾಸ್‌ಪೋರ್ಟ್ ತೆಗೆದು ಕೊಟ್ಟೆ. ಅವರು ಅದನ್ನು ಹಿಡಿದುಕೊಂಡು ಒಂದೇ ಒಂದು ಮಾತು ಕೇಳಿದರು.

“ಅಬುಧಾಬಿಯಲ್ಲಿ ಅದನ್ನು ಹಾಡಿದ್ನಾ?”

“ಇಲ್ಲ ಅಣ್ಣ. ಹಾಡ್ಲಿಲ್ಲ” ಎಂದೆ.

ಅವರು ನನ್ನ ಮುಖವನ್ನು ನೋಡಿದರು. ಸಿಟ್ಟು ಇರಲಿಲ್ಲ, ಅದಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ಎದುರಿಗೆ ಸುಳ್ಳು ಹೇಳ್ಲಿಕ್ಕೆ ನಿನಗೆ ಬರುದಿಲ್ಲ ಮಾರಾಯ. ಕಾಗದದಲ್ಲಿ ಮಾತ್ರ ಬರ್ತದೆ” ಎಂದು ಹೇಳಿ ಬ್ಯಾಗು ಎತ್ತಿಕೊಂಡು ಒಳಗೆ ಹೋದರು.